ಡಾಗ್‌ವುಡ್ ಉಳಿಯಲಿಲ್ಲ, ಅಂಕೋಲೆ ಹೂ ಬಿಟ್ಟಿತು

ಪುಣೆಯ ಕೊಥರೂಡ್‌ನಲ್ಲಿ ನಮ್ಮ ಟೆರೇಸಿನ ಅಂಕೋಲೆ ಈ ಫೆಬ್ರವರಿಯಲ್ಲಿ ಮೊದಲ ಸಲ ಹೂ ಬಿಟ್ಟಿತು. ಬೀಜದಿಂದ ಎಬ್ಬಿಸಿದ ಗಿಡ. "ಅಂಕೋಲೆ ಬೀಜದಿಂದ ಬರಲ್ಲ, ಸುಮ್ನೆ ದುಡ್ಡು ಹಾಳು" ಅಂದಿದ್ದ ನರ್ಸರಿ ಕಾಕಾ ಮೊನ್ನೆ ಬಂದು ನೋಡಿ, ಎರಡು ಸಸಿ ಕೇಳಿ ಒಯ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಡಾಗ್‌ವುಡ್ ಅನ್ನುವ ತಂಪು ನಾಡಿನ ಹೂಮರದ ಹುಚ್ಚಿನಿಂದ. ಅದರಲ್ಲಿ ದಳದಂತೆ ಕಾಣುವುದು ದಳವಲ್ಲ, ಬಣ್ಣ ತಿರುಗಿದ ಎಲೆ. ನಿಜವಾದ ಹೂಗಳು ನಡುವೆ ಅಂಗಿ ಗುಂಡಿಯಂಥ ಗುಂಪಿನಲ್ಲಿ ಸಣ್ಣಗೆ ಒತ್ತಿಕೊಂಡಿರುತ್ತವೆ. ಅದಕ್ಕೇ ಮರುಳಾದೆ. 2018ರ ಕೊನೆಗೆ ಹಿಮಾಲಯದ ಡಾಗ್‌ವುಡ್ ಜಾತಿ ಕಾರ್ನಸ್ ಕ್ಯಾಪಿಟಾಟಾದ ಎರಡು ಸಸಿ ತರಿಸಿದೆ. ಸಾಗಾಟ ಸೇರಿ ಮೂರೂವರೆ ಸಾವಿರದ ಹತ್ತಿರ ಬಿತ್ತು. ಅದಕ್ಕೆ ಹುಳಿ ಮಣ್ಣು ಬೇಕು, ಬೇರಿಗೆ ತಂಪು ಬೇಕು. ನಮ್ಮದು ಸುಣ್ಣ ತುಂಬಿದ ಕಪ್ಪು ಮಣ್ಣು, ಮೇಲಿಂದ ಬೋರ್‌ವೆಲ್ ನೀರು. ಎಲೆ ಹಳದಿಯಾಯಿತು, ನರ ಮಾತ್ರ ಹಸಿರು. ಗಂಧಕದ ಪುಡಿ, ಗಿಡ ಹೀರಿಕೊಳ್ಳುವಂಥ ಕಬ್ಬಿಣದ ಗೊಬ್ಬರ (ಚಿಲೇಟ್), ಎರಡು ಪದರ ಶೇಡ್‌ನೆಟ್ ಅಂತ ಇನ್ನೆರಡು ಸಾವಿರ ಹೋಯಿತು. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟಿದ ವಾರ ಎರಡೂ ಅಂಚಿನಿಂದ ಸುಟ್ಟುಕೊಂಡು ಬಂದು ಸತ್ತವು.

ಆಮೇಲೆ ಓದುವಾಗ ಕಂಡಿದ್ದು: ಡಾಗ್‌ವುಡ್ ಇರುವ ಕಾರ್ನೇಸಿ ಕುಟುಂಬದಲ್ಲೇ ನಮ್ಮ ಅಂಕೋಲೆಯೂ ಇದೆ. ನಾನು ಅಂಕೋಲಾದವನು! ಊರಿಗೆ ಹೆಸರು ಬಂದಿದ್ದೇ ಈ ಗಿಡದಿಂದ ಅಂತ ಆಯಿ ಹೇಳುತ್ತಿದ್ದಳು. ಒಣ ಗುಡ್ಡದಲ್ಲಿ, ಬಿಸಿಲಲ್ಲಿ ತಾನೇ ಬೆಳೆಯುವ ಮುಳ್ಳುಗಿಡ. ಅದನ್ನು ಬಿಟ್ಟು ನಾನು ಹಿಮಾಲಯಕ್ಕೆ ದುಡ್ಡು ಕಳಿಸಿದ್ದೆ.

ಸುಲಭವಾಗೇನೂ ಬರಲಿಲ್ಲ. ಮೊದಲು ಗ್ರಂಥಿಗೆ ಅಂಗಡಿಯ ಬೀಜ ತಂದು ನೂರರಷ್ಟು ಹಾಕಿದೆ, ಒಂದೂ ಬರಲಿಲ್ಲ. ಇನ್ನೊಂದು ಕಂತನ್ನು ಬಿಸಿನೀರಲ್ಲಿ ನೆನೆಸಿದೆ, ಕೊಳೆತವು. ಮರುವರ್ಷ ಪುಣೆ ಹತ್ತಿರದ ಭೋರ್ ಕಡೆ ಒಬ್ಬ ರೈತರ ಬದುವಿನ ಮರದಿಂದ ಹಣ್ಣು ತಂದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿಟ್ಟು ಹಾಕಿದೆ. ಅರವತ್ತಕ್ಕೆ ಎರಡು ಮೊಳೆತವು. "ಈ ಮುಳ್ಳುಕಡ್ಡಿಗೆ ಎಷ್ಟು ದುಡ್ಡು ಹಾಕ್ತೀರಿ?" ಅಂತ ಮನೆಯವಳು ಕೇಳಿದಳು. ಆ ಒಣಗಿಸಿದ್ದೇ ತಪ್ಪಾಗಿತ್ತು.

2021ರ ಮೇ ಕೊನೆಗೆ ಅದೇ ಮರದಿಂದ ಪೂರ್ತಿ ಕಪ್ಪಾದ ಹಣ್ಣು ತಂದೆ. ಹಣ್ಣಿಗೊಂದೇ ಬೀಜ. ತಿರುಳು ಸಿಹಿ, ಸ್ವಲ್ಪ ಒಗರು, ಆದರೆ ಕೈ ಬಿಡದ ಅಂಟು. ಬಿದ್ದ ಬೀಜ ಮತ್ತೆ ಮರಕ್ಕೇ ಹೋಗಿ ಅಂಟಿಕೊಳ್ಳುತ್ತದೆ ಅನ್ನುವ ಹಳೇ ಮಾತು ಈ ಅಂಟಿನಿಂದಲೇ ಬಂತೋ ಏನೋ. ಬೂದಿ, ಮರಳು ಹಾಕಿ ಗೋಣಿಯ ಮೇಲೆ ತಿಕ್ಕಿದೆ. ಮೂರು ಸಲ ತೊಳೆದೆ. ಮೂರನೇ ನೀರಿಗೆ ಏನು ಬೆರೆಸಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಒಣಗಲು ಬಿಡದೆ ಅದೇ ಸಂಜೆ ಮುರುಮ್ (ಜಲ್ಲಿ ಬೆರೆತ ಕೆಂಪು ಮಣ್ಣು), ಮರಳು, ಎಲೆಗೊಬ್ಬರ ತುಂಬಿದ ಉದ್ದನೆಯ ಚೀಲಕ್ಕೆ ಹಾಕಿದೆ. ಗಿಡ್ಡ ಚೀಲ ಬೇಡವೇ ಬೇಡ, ತಾಯಿಬೇರು ಬೇಗ ತಳ ಮುಟ್ಟುತ್ತದೆ. ನಲವತ್ತು ದಿನ ಏನೂ ಇಲ್ಲ. ಆಮೇಲೆ ಮಳೆಯಲ್ಲಿ ಒಂದೊಂದೇ ತಲೆ ಎತ್ತಿ, ಐವತ್ತರಲ್ಲಿ ಇಪ್ಪತ್ಮೂರು ಬಂದವು. ಇಷ್ಟು ಬಂದಿದ್ದನ್ನು ನನಗೆ ಗೊತ್ತಿರುವವರಲ್ಲಿ ಇನ್ಯಾರೂ ಮಾಡಿಲ್ಲ.

ನಡುವೆ ಇನ್ನೊಂದು ಆಸೆ. ಉತ್ತರಾಖಂಡದ ಕುಮಾವೂಂ ಬೆಟ್ಟಗಳಿಗೆ ಹೋದ ಗೆಳೆಯನಿಂದ ಡಾಗ್‌ವುಡ್ ಕಡ್ಡಿ ತರಿಸಿ ಅಂಕೋಲೆ ಸಸಿಗೆ ಕಸಿ ಕಟ್ಟಿದೆ. ಕುಟುಂಬ ಒಂದೇ ಅಲ್ವಾ ಅಂತ. ಇಪ್ಪತ್ತು ದಿನ ಮೊಗ್ಗು ಹಸಿರಾಗಿಯೇ ಇತ್ತು, ಆಮೇಲೆ ಕಪ್ಪಾಯಿತು.

ಹೂವಿಗೆ ಮುಖ್ಯವಾಗಿದ್ದು ನೀರು ನಿಲ್ಲಿಸಿದ್ದು. ಡಿಸೆಂಬರ್‌ನಿಂದ ಹದಿನೈದು ದಿನಕ್ಕೊಂದು ಚೊಂಬು, ಅಷ್ಟೇ. ಎಲೆಯೆಲ್ಲ ಉದುರಿತು. ಗಿಡ ಸತ್ತಿತು ಅಂತ ಮನೆಯವಳು ಕುಂಡ ಎತ್ತಿಡಲು ಹೊರಟಿದ್ದಳು. ಆ ಬೋಳು ಕಡ್ಡಿಯ ಮೇಲೇ ಬೀಡಿಯಷ್ಟು ಸಣ್ಣ ಮೊಗ್ಗು ಬಂದವು. ಒಂದು ಬೆಳಗ್ಗೆ ಬಿರಿದು, ಕೆನೆಬಣ್ಣದ ದಳಗಳು ಹಿಂದಕ್ಕೆ ಸುರುಳಿಯಾದವು, ಕೇಸರಗಳು ಕುಂಚದ ಹಾಗೆ ಹೊರಗೆ ಬಂದವು. ಪರಿಮಳ ಮೆಟ್ಟಿಲವರೆಗೆ!

ಈಗ ಒಂಬತ್ತು ಕಾಯಿ ನಿಂತಿವೆ. ನಾಲ್ಕಕ್ಕೆ ಬಟ್ಟೆ ಚೀಲ ಕಟ್ಟಿದ್ದೇನೆ. ಉಳಿದ ಐದು ಪಿಕಳಾರ ಹಕ್ಕಿಗಳಿಗೆ.