ಖರ್ಚಿಗೂ ಒಂದು ಖಾತೆ

ಅಪ್ಪ ತೀರಿಕೊಂಡಾಗ ಮನೆ ಮೇಲೆ ಸಾಲ ಇತ್ತು. ಅಂಕೋಲೆಯಲ್ಲಿ ಗುಮಾಸ್ತೆಯಾಗಿದ್ದ ನನ್ನ ಸಂಬಳದ ಅರ್ಧ ಅದಕ್ಕೇ ಹೋಗುತ್ತಿತ್ತು. ಸಾಲವೇನೋ ತೀರಿತು, ಕೈಬಿಗಿ ಮಾತ್ರ ಹಾಗೇ ಉಳಿಯಿತು. ಅದೇ ಅರ್ಧ ಸಂಬಳ ಬ್ಯಾಂಕಿಗೆ ಹೋಗತೊಡಗಿತು. ಮೀನು ತರುವುದು ಸಂಜೆ ದರ ಇಳಿದ ಮೇಲೆಯೇ. ಕೊಡೆ ಹರಿದರೆ ಹೊಲಿಗೆ. ಆಯಿ, ಅಂದರೆ ನನ್ನಮ್ಮ, ಏನಾದರೂ ಬೇಕು ಅಂದರೆ "ಮುಂದಿನ ವರ್ಷ ನೋಡುವಾ" ಎನ್ನುತ್ತಿದ್ದೆ.

ನನ್ನನ್ನು ಕಟ್ಟಿಹಾಕಿದ್ದು ಒಂದು ಲೆಕ್ಕ. ಶೇ 7ರ ಬಡ್ಡಿಗೆ ಇಟ್ಟ ದುಡ್ಡು ಹೆಚ್ಚುಕಮ್ಮಿ ಹತ್ತು ವರ್ಷಕ್ಕೆ ಎರಡರಷ್ಟಾಗುತ್ತದೆ. 800 ರೂಪಾಯಿಯ ಚಪ್ಪಲಿ ನೋಡಿದರೆ ನನಗೆ 1,600 ಕಾಣುತ್ತಿತ್ತು. ಅಷ್ಟರಲ್ಲಿ ಸಾಮಾನಿನ ದರವೂ ಏರಿರುತ್ತದೆ, ಅಲ್ವಾ? ಅದನ್ನು ಕಳೆದರೆ ಉಳಿಯುವ ಲಾಭ ಸ್ವಲ್ಪವೇ. ಆಯಿಗೆ ಆಗಲೇ ಎಪ್ಪತ್ತು ದಾಟಿತ್ತು. ಹತ್ತು ವರ್ಷ ಕಾದರೆ ದುಡ್ಡು ಇರುತ್ತದೆ, ಅವಳಿಗೆ ತಿರುಗಾಡುವ ಶಕ್ತಿ ಇರುತ್ತದೆಯೇ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮೊದಲು ಹೆದರಿಕೆ ಕಡಿಮೆ ಮಾಡಿಕೊಂಡೆ. ಆರು ತಿಂಗಳ ಮನೆಖರ್ಚನ್ನು ಮುಟ್ಟದ ಹಾಗೆ ಠೇವಣಿ ಇಟ್ಟೆ. ಇಬ್ಬರಿಗೂ ಆರೋಗ್ಯ ವಿಮೆ ಮಾಡಿಸಿದೆ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ 5 ಲಕ್ಷದವರೆಗೆ ಮಾತ್ರ ವಿಮೆ ಇರುವುದರಿಂದ ಉಳಿದದ್ದನ್ನು ಹಂಚಿಟ್ಟೆ. ಇದಿಷ್ಟು ಆಗದೆ ಖರ್ಚಿನ ಖುಷಿ ಬರುವುದಿಲ್ಲ ಅಂತ ನನಗೆ ಖಂಡಿತ ಅನ್ನಿಸುತ್ತದೆ.

ಆಮೇಲೆ ಬೇರೆ ಒಂದು ಉಳಿತಾಯ ಖಾತೆ ತೆರೆದೆ. ಸಂಬಳ ಬಂದ ದಿನವೇ 3,000 ಅದಕ್ಕೆ. ತಿಂಗಳ ಕೊನೆಗೆ ಅದು ಖಾಲಿಯಾಗಬೇಕು, ಠೇವಣಿಗೆ ತಿರುಗಿಸುವ ಹಾಗಿಲ್ಲ. ಅಕ್ಕಿ, ಬೇಳೆ, ಕರೆಂಟ್ ಬಿಲ್ಲಿಗೂ ಮುಟ್ಟುವ ಹಾಗಿಲ್ಲ. ಶುರುವಿನಲ್ಲಿ ತಿಂಗಳು ಮುಗಿಯುತ್ತಾ ಬಂದರೂ ಅರ್ಧ ದುಡ್ಡು ಹಾಗೇ ಇರುತ್ತಿತ್ತು.

ದಾರಿ ತೋರಿಸಿದ್ದು ನಮ್ಮೂರಿನ ಕರಿ ಇಶಾಡು. 2023ರಲ್ಲಿ ಜಿಐ (ಇಂಥ ಊರಿನದೇ ಬೆಳೆ ಎಂಬ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಈ ಮಾವಿನ ಸಿಪ್ಪೆ ಬಹಳ ತೆಳು, ಹಣ್ಣಾದ ಮೇಲೆ ಜಾಸ್ತಿ ದಿನ ನಿಲ್ಲುವುದಿಲ್ಲ. ಸೀಸನ್ನೂ ಚಿಕ್ಕದು. ಮೊದಲೆಲ್ಲ ಪೆಟ್ಟುಬಿದ್ದ ಹಣ್ಣನ್ನೇ ಆರಿಸಿ ತರುತ್ತಿದ್ದೆ. ಆ ಮೇ ತಿಂಗಳಲ್ಲಿ ಒಳ್ಳೇ ಹಣ್ಣನ್ನೇ ತಂದೆ, ಮಾರುವ ಅಕ್ಕ ಹೇಳಿದ ದರಕ್ಕೇ. ಆಯಿ ಜಗಲಿಯಲ್ಲಿ ಕೂತು ಮೊಣಕೈವರೆಗೆ ರಸ ಇಳಿಸಿಕೊಂಡು ತಿಂದಳು. ಅಕ್ಕಪಕ್ಕದ ಮನೆಗೂ ಕೊಟ್ಟೆವು. ಇಟ್ಟುಕೊಳ್ಳಲು ಬಾರದ ವಸ್ತುವಿಗೆ ದುಡ್ಡು ಕೊಡುವುದು ಅವತ್ತಿನಿಂದ ಸುಲಭವಾಯಿತು. ಮೀನಿಗೂ ಬೆಳಿಗ್ಗೆಯೇ ಹೋಗತೊಡಗಿದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಅದು ಮುಗಿದು ತಾಜಾ ಇಸ್ವಾಣ ಬಂದರೆ ಈಗ ದರ ಕೇಳಿ ಹಿಂದೆ ಸರಿಯುವುದಿಲ್ಲ.

ಮುಂದೆ ದಿನಾ ಮೈಗೆ ತಾಗುವ ವಸ್ತುಗಳ ಕಡೆ ನೋಡಿದೆ. ಒಳ್ಳೇ ಹಾಸಿಗೆ, ಗಟ್ಟಿ ಕೊಡೆ, ಹರಿತವಾದ ಚಾಕು. ನಮ್ಮ ಕರಾವಳಿ ಮಳೆಗೆ ಬಟ್ಟೆ ವಾರಗಟ್ಟಲೆ ಒಣಗದೆ ಮುಗ್ಗಲು ವಾಸನೆ ಬರುತ್ತಿತ್ತು. ಕೆಲವು ತಿಂಗಳ ದುಡ್ಡು ಸೇರಿಸಿ, ಹಿಂಡಿಕೊಡುವ ವಾಷಿಂಗ್ ಮಷಿನ್ ತಂದೆವು. ಖಾಲಿಯಾಗಲೇಬೇಕು ಎಂಬ ನಿಯಮವನ್ನು ಅದೊಂದಕ್ಕೆ ಸಡಿಲಿಸಿದೆ. ದುಬಾರಿ ಫೋನೂ ಒಂದು ತಗೊಂಡೆ, ಅದರಿಂದ ಖುಷಿ ಏನೂ ಆಗಲಿಲ್ಲ. ಯಾರಿಗೆ ಯಾವುದು ಹಿಡಿಸುತ್ತದೆ ಅಂತ ಕೊಂಡು ನೋಡದೆ ತಿಳಿಯುವುದಿಲ್ಲ.

ಎಲ್ಲಕ್ಕಿಂತ ತೃಪ್ತಿ ಕೊಟ್ಟದ್ದು 2024ರ ಶಿರಸಿ ಮಾರಿಕಾಂಬಾ ಜಾತ್ರೆ. ಅದು ಎರಡು ವರ್ಷಕ್ಕೊಮ್ಮೆ. ತಪ್ಪಿದರೆ ಮತ್ತೆ ಎರಡು ವರ್ಷ ಕಾಯಬೇಕು. ಬಸ್ಸಿನ ನೂಕುನುಗ್ಗಲು ಆಯಿಗೆ ಆಗದು. ಬಾಡಿಗೆ ಕಾರು ಮಾಡಿದೆ, ರಾತ್ರಿ ಉಳಿಯಲು ರೂಮು ಹಿಡಿದೆ. ಬಿಡಕಿಬೈಲಿನ ಗದ್ದುಗೆಯಲ್ಲಿ ದೇವಿಯನ್ನು ನೋಡಿ ಅವಳು ಎಷ್ಟೋ ಹೊತ್ತು ಕೈಮುಗಿದು ನಿಂತಿದ್ದಳು. ಪೇಟೆಯಲ್ಲಿ ಬಳೆ ಹಾಕಿಸಿಕೊಂಡಳು. "ಸುಮ್ನೆ ಎಷ್ಟು ದುಡ್ಡು ಹಾಕ್ತೀಯೇ" ಅಂದಳು, ಅಂದವಳೇ ಇನ್ನೊಂದು ಡಜನ್ ಆರಿಸಿದಳು.

ಉಳಿತಾಯ ನಿಂತಿಲ್ಲ. ಸಂಬಳದ ಅರ್ಧ ಹೋಗುತ್ತಿದ್ದ ಕಡೆ ಈಗ ಮೂರರಲ್ಲಿ ಒಂದು ಭಾಗ ಹೋಗುತ್ತದೆ. ಖರ್ಚಿನ ಖಾತೆಗೆ ಹಾಕುವುದನ್ನು 5,000ಕ್ಕೆ ಏರಿಸಿದ್ದೇನೆ. ಇನ್ನು ಆಯಿಯ ಬಚ್ಚಲಿಗೆ ಜಾರದ ಟೈಲ್ಸ್ ಹಾಕಿಸಬೇಕು, ಮಳೆಗಾಲ ಶುರುವಾಗುವ ಮೊದಲೇ.