ಗುರಿಯ ಅಭ್ಯಾಸ ಮತ್ತು ಆತ್ಮರಕ್ಷಣೆಯ ಅಭ್ಯಾಸ: ಕೋವಿ ಹಿಡಿಯುವವರು ಎಲ್ಲಿಂದ ಆರಂಭಿಸಬೇಕು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆಯ ಅಥವಾ ಜೋಡಿ ನಳಿಗೆಯ ಕೋವಿ ಇರುವುದು ಹೊಸದೇನಲ್ಲ. ಅದನ್ನು ನೋಡುತ್ತಲೇ ಬೆಳೆದವರಲ್ಲಿ ಎರಡು ತಪ್ಪು ತಿಳಿವಳಿಕೆಗಳಿರುತ್ತವೆ. ತೆಂಗಿನ ಚಿಪ್ಪಿಗೆ ಗುರಿಯಿಟ್ಟು ಹೊಡೆಯಬಲ್ಲವನು ರಾತ್ರಿ ಬಂದ ಕಳ್ಳನನ್ನೂ ಎದುರಿಸಬಲ್ಲ ಎಂಬುದು ಒಂದು. ಆತ್ಮರಕ್ಷಣೆಗೆ ಕೋವಿ ಹಿಡಿಯುವವನಿಗೆ ಶೂಟಿಂಗ್ ರೇಂಜಿನ ನಿಧಾನದ ಅಭ್ಯಾಸ ಬೇಕಿಲ್ಲ ಎಂಬುದು ಇನ್ನೊಂದು. ನನ್ನ ಸಲಹೆ ಇಷ್ಟೇ: ಮೊದಲ ಆರು ತಿಂಗಳು 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯ ಅಭ್ಯಾಸದಲ್ಲಿ, ಅಂದರೆ ಗಾಳಿಯ ಒತ್ತಡದಿಂದ ಸಣ್ಣ ಪೆಲೆಟ್ ಗುಂಡು ಹಾರಿಸುವ ಪಿಸ್ತೂಲಿನಲ್ಲಿ ಕಳೆಯಿರಿ, ಆಮೇಲೆ ರಕ್ಷಣೆಯ ಮಾತನಾಡಿ.

ಈ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ.; ಏರ್ ರೈಫಲ್‌ನಲ್ಲಂತೂ ಅದು 0.5 ಮಿ.ಮೀ.ನ ಬರಿಯ ಚುಕ್ಕೆ. 60 ಗುಂಡುಗಳಿಗೆ 75 ನಿಮಿಷ ಸಿಗುವುದರಿಂದ ಒಂದೊಂದಕ್ಕೂ ಒಂದು ನಿಮಿಷಕ್ಕಿಂತ ಹೆಚ್ಚು ಸಮಯವಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದದ್ದು ಈ ಪಿಸ್ತೂಲಿನಲ್ಲೇ. ಹಿಡಿಯುವುದು ಒಂದೇ ಕೈಯಲ್ಲಿ. ಕಣ್ಣು ನೆಡಬೇಕಾದದ್ದು ಗುರಿಯ ಮೇಲಲ್ಲ, ಮುಂದಿನ ಸೈಟಿನ ಮೇಲೆ, ಅಂದರೆ ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಮೊನೆಯ ಮೇಲೆ. ಗುರಿ ಮಸುಕಾಗಿ ಕಂಡರೆ ಸರಿಯಾಗಿಯೇ ನೋಡುತ್ತಿದ್ದೀರಿ ಎಂದರ್ಥ. ಇದನ್ನು ಹೊಸಬರು ನಂಬುವುದೇ ಇಲ್ಲ, ಆದ್ದರಿಂದ ಲೆಕ್ಕ ಹಾಕಿ ನೋಡೋಣ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 30 ಸೆಂ.ಮೀ. ಅಂತರವಿರುವ ಪಿಸ್ತೂಲಿನಲ್ಲಿ ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಹತ್ತು ಮೀಟರ್ ಆಚೆ ಪೆಲೆಟ್ 33 ಮಿ.ಮೀ. ದೂರ ಬೀಳುತ್ತದೆ, ಅಂದರೆ ಹತ್ತು ಬರಬೇಕಾದಲ್ಲಿ ಆರು ಬರುತ್ತದೆ.

ಮನೆಯಲ್ಲಿ ಅಭ್ಯಾಸಕ್ಕೆ ಮಳೆಗಾಲವೇ ಒಳ್ಳೆಯದು, ಹೇಗೂ ಹೊರಗೆ ಕೆಲಸವಿರುವುದಿಲ್ಲ. ಪಿಸ್ತೂಲು ಖಾಲಿಯಿದೆಯೆಂದು ಎರಡು ಸಲ ನೋಡಿಕೊಂಡು, ಸುಣ್ಣ ಬಳಿದ ಖಾಲಿ ಗೋಡೆಯ ಮುಂದೆ ನಿಲ್ಲಿ. ಗುರಿಯೇ ಇಲ್ಲದ ಗೋಡೆಯಲ್ಲಿ ಕಣ್ಣಿಗೆ ಸೈಟು ಬಿಟ್ಟು ಬೇರೆ ಆಸರೆಯಿರುವುದಿಲ್ಲ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಟ್ರಿಗರನ್ನು ಜಗ್ಗದೆ, ಬೆರಳಿನ ಒತ್ತಡವನ್ನು ಮಾತ್ರ ಏರಿಸುತ್ತ ಹೋಗಿ. ಟ್ರಿಗರ್ ಬಿದ್ದ ಮೇಲೂ ಎರಡು ಸೆಕೆಂಡು ಕೈ ಅಲ್ಲಿಯೇ ಇರಲಿ. ಸ್ಪ್ರಿಂಗ್ ಪಿಸ್ಟನ್ ಏರ್‌ಗನ್ನನ್ನು ಪೆಲೆಟ್ ಇಲ್ಲದೆ ಹೊಡೆದರೆ ಒಳಗಿನ ಭಾಗಗಳು ಕೆಡುತ್ತವೆ, ಆದ್ದರಿಂದ ಖಾಲಿ ಅಭ್ಯಾಸದ ಸೌಲಭ್ಯವಿರುವ ಪಿಸ್ತೂಲನ್ನೇ ಬಳಸಿ. ಪೆಲೆಟ್ ಹಾಕಿ ಹೊಡೆಯುವಾಗ ಹಿಂದೆ ಜಂಬಿಟ್ಟಿಗೆಯ ಗೋಡೆ ಬೇಡ, ತಗುಲಿದ ಪೆಲೆಟ್ ಹಿಂದಕ್ಕೇ ಹಾರಿ ಬರುತ್ತದೆ. ಪೆಲೆಟ್ ಹಿಡಿಯುವ ಪೆಟ್ಟಿಗೆಯೂ ಕಣ್ಣಿಗೆ ಕನ್ನಡಕವೂ ಇರಲಿ.

ಎತ್ತಿದ ಕೈ ಎಂಟು ಹತ್ತು ಸೆಕೆಂಡಿನೊಳಗೆ ನೆಲೆಗೊಳ್ಳದಿದ್ದರೆ ಹೊಡೆಯದೆ ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಎತ್ತಬೇಕು. ನಮ್ಮ ಹುಡುಗರಿಗೆ ಇದು ಸೋಲಿನಂತೆ ಕಾಣುತ್ತದೆ. ನನಗಾದರೋ ರೇಂಜಿನಲ್ಲಿ ಕಲಿಯುವ ಎಲ್ಲದರಲ್ಲಿ ಆತ್ಮರಕ್ಷಣೆಗೆ ಹಾಗೆಯೇ ಒದಗಿ ಬರುವ ವಿದ್ಯೆ ಇದೊಂದೇ ಎನಿಸಿದೆ.

ಏಕೆಂದರೆ ಉಳಿದ ಲೆಕ್ಕಗಳೆಲ್ಲ ಅಲ್ಲಿ ತಲೆಕೆಳಗಾಗುತ್ತವೆ. ರಕ್ಷಣೆಯ ತರಬೇತಿಯಲ್ಲಿ ದೂರ ಮೂರರಿಂದ ಏಳು ಮೀಟರ್, ಹಿಡಿತ ಎರಡು ಕೈಯದು, ಸಮಯ ಒಂದೆರಡು ಸೆಕೆಂಡು. ಸೈಟುಗಳ ನಡುವೆ 15 ಸೆಂ.ಮೀ. ಇರುವ ಸಣ್ಣ ಪಿಸ್ತೂಲಿನಲ್ಲಿ ಅದೇ ಒಂದು ಮಿಲಿಮೀಟರ್ ತಪ್ಪಿದರೂ ಮೂರು ಮೀಟರಿನಲ್ಲಿ ಆಗುವ ವ್ಯತ್ಯಾಸ ಎರಡು ಸೆಂ.ಮೀ. ಮಾತ್ರ. ಆದರೆ ಹೆದರಿಕೆಯಲ್ಲಿ ಎದೆಬಡಿತ ಏರಿ, ಬೆರಳಿನ ಸೂಕ್ಷ್ಮ ಚಲನೆ ಕೈಕೊಟ್ಟು, ನೋಟ ಕಿರಿದಾಗುತ್ತದೆ. 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಐದು ಗುಂಡುಗಳನ್ನು 8, 6, 4 ಸೆಕೆಂಡುಗಳಲ್ಲಿ ಹೊಡೆಯುತ್ತಾರೆ. 1976ರಲ್ಲಿ ಆರಂಭವಾದ ಐಪಿಎಸ್‌ಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಶೂಟಿಂಗ್ ಕ್ರೀಡೆಯಲ್ಲಿ ಅಂಕವನ್ನು ಸಮಯದಿಂದ ಭಾಗಿಸುತ್ತಾರೆ. ವೇಗ ಕಲಿಯಲು ಇವು ಒಳ್ಳೆಯವು. ಆದರೆ ಎದುರಿಗಿರುವುದು ಯಾರು ಎಂಬ ಪ್ರಶ್ನೆ ಅಲ್ಲಿಯೂ ಇಲ್ಲ.

ಮಲೆನಾಡಿನಲ್ಲಿ ಆ ಪ್ರಶ್ನೆಯೇ ದೊಡ್ಡದು. ನಾಯಿ ಬೊಗಳುತ್ತಿದೆ, ಕರೆಂಟಿಲ್ಲ, ತೋಟದ ಅಂಚಿನಲ್ಲಿ ನೆರಳೊಂದು ಅಲುಗಿತು. ಅದು ಕಳ್ಳನಿರಬಹುದು, ಪಂಪಿನ ಸ್ಟಾರ್ಟರ್ ನೋಡಲು ಬಂದ ಪಕ್ಕದ ಮನೆಯವರೂ ಇರಬಹುದು. ಹಂದಿಯೆಂದು ತಿಳಿದು ಜೊತೆಗಾರನಿಗೇ ಈಡು ಹೊಡೆದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ? ಆದ್ದರಿಂದ ಟಾರ್ಚು ಕೋವಿಗೆ ಕಟ್ಟಿದ್ದಾಗಿರಬಾರದು, ಬೇರೆ ಕೈಯಲ್ಲಿರಬೇಕು. ಕಟ್ಟಿದ್ದರೆ ಬೆಳಕು ಬಿದ್ದವರ ಮೇಲೆಲ್ಲ ನಳಿಗೆಯೂ ತಿರುಗುತ್ತದೆ. ತರಬೇತುದಾರರ ಎದುರಿನಲ್ಲಿ, ಕೆಲವು ಚಿತ್ರಗಳಲ್ಲಿ ಚೂರಿ, ಕೆಲವದರಲ್ಲಿ ಮೊಬೈಲ್ ಇರುವ ಗುರಿಹಲಗೆಗಳನ್ನು ಬೆರೆಸಿಟ್ಟು ಅಭ್ಯಾಸ ಮಾಡಿ. ಕೂಗಿ ಎಚ್ಚರಿಸುವುದು, ಬಾಗಿಲು ಹಾಕಿ ಒಳಗುಳಿಯುವುದು, 112ಕ್ಕೆ ಕರೆ ಮಾಡುವುದು, ಇವೂ ಅಭ್ಯಾಸದ ಭಾಗವಾಗಿರಲಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ಕೊಡುತ್ತವೆಯಾದರೂ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲವೆಂದೂ, ಪೊಲೀಸರ ರಕ್ಷಣೆ ಪಡೆಯಲು ಸಮಯವಿದ್ದಾಗ ಆ ಹಕ್ಕು ಇಲ್ಲವೆಂದೂ 37ನೇ ಕಲಮು ಹೇಳುತ್ತದೆ.

ಕಾಗದಪತ್ರದ ವಿಷಯ ಚಿಕ್ಕದು. ಬೋರ್ (ನಳಿಗೆಯ ಒಳವ್ಯಾಸ) 4.5 ಮಿ.ಮೀ. ಮತ್ತು ಶಕ್ತಿ 20 ಜೂಲ್ ಮೀರದ ಏರ್‌ಗನ್ನಿಗೆ ಪರವಾನಗಿ ಬೇಡ. ಕೋವಿಯ ಪರವಾನಗಿಗೆ 21 ವರ್ಷ ತುಂಬಿರಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಸಾಮಾನ್ಯವಾಗಿ ಎರಡೇ ಕೋವಿ, ಪರವಾನಗಿಯ ಅವಧಿ ಐದು ವರ್ಷ. ಪರವಾನಗಿಯಿಂದ ಕೊಡವರಿಗಿರುವ ವಿನಾಯಿತಿ ನಮಗಿಲ್ಲ. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರ ಹೊಸಬರಿಗೆ ಅತ್ಯುತ್ತಮ ಆರಂಭ.

ಕೋವಿಯನ್ನೂ ತೋಟಾಗಳನ್ನೂ ಬೇರೆ ಬೇರೆ ಬೀಗದಲ್ಲಿಡಿ. ನಮ್ಮ ಥಂಡಿಗೆ ನಳಿಗೆ ವಾರದೊಳಗೆ ತುಕ್ಕು ಹಿಡಿಯುತ್ತದೆ, ಚರ್ಮದ ಚೀಲದಲ್ಲಿಟ್ಟರೆ ಇನ್ನೂ ಬೇಗ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗಿ ಬಂದರೆ, ಹಿಂದಿನ ದಿನವೇ ನಳಿಗೆಯ ಒಳಗೂ ಹೊರಗೂ ಎಣ್ಣೆ ಸವರಿ, ರಸೀದಿ ಪಡೆದು, ಮರಳಿ ತಂದ ದಿನ ಬೆಳಕಿಗೆ ಹಿಡಿದು ನಳಿಗೆಯನ್ನು ನೋಡಿದ ನಂತರವೇ ತೋಟಾ ಮುಟ್ಟಿ.