ಅ ಆ ಇ ಈ ಬಂದರೆ ಸಾಲದು, ‘ಹಳ್ಳಿ’ ಓದಲು ಬರಬೇಕು

ವರ್ಣಮಾಲೆಯನ್ನು ಗಡಗಡನೆ ಒಪ್ಪಿಸುವ ಮಗು ‘ಅರಸ’ ಎಂಬ ಮೂರಕ್ಷರದ ಪದ ಕಂಡೊಡನೆ ತಡವರಿಸುವುದು ಒಂದನೇ, ಎರಡನೇ ತರಗತಿಯಲ್ಲಿ ಮಾಮೂಲು. ಮಗು ದಡ್ಡ ಎಂದುಕೊಳ್ಳಬೇಡಿ. 49 ಅಕ್ಷರ ಮುಗಿಯುವ ತನಕ ಒಂದೇ ಒಂದು ಪದವನ್ನೂ ಓದಿಸದೆ ಕಾಯಿಸಿದ ನಮ್ಮ ಕ್ರಮದಲ್ಲೇ ಎಡವಟ್ಟಿದೆ. ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಕೂರುವ ಅಪ್ಪ–ಅಮ್ಮನಿಗೂ, ಹೊಸದಾಗಿ ಶಾಲೆಗೆ ಬಂದ ಮೇಷ್ಟರಿಗೂ ಅನುಕೂಲವಾಗುವ ದಾರಿಯೊಂದು ಇಲ್ಲಿದೆ.

ಐದೇ ಅಕ್ಷರದಿಂದ ಶುರು

1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಮೊಳಕೆಯೊಡೆದು, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ–ಕಲಿ ಎಂಬ ಚಟುವಟಿಕೆಯ ಕಲಿಕಾ ಕ್ರಮದಲ್ಲಿ ಅಕ್ಷರಗಳು ಅ ಆ ಇ ಈ ಎಂದು ಸಾಲಾಗಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ‘ಇದೇನು ಕ್ರಮ’ ಎಂದು ಗೊಣಗುವ ಅಜ್ಜಂದಿರು ಈಗಲೂ ಇದ್ದಾರೆ. ಆದರೆ ಮೊದಲ ಐದನ್ನು ಜೋಡಿಸಿ ನೋಡಿ: ಸರ, ರಸ, ದರ, ಅರಸ, ಅಗಸ, ಗರಗಸ. ಕಾಗುಣಿತ ಬೇಡ, ಒತ್ತು ಬೇಡ; ಮೊದಲ ವಾರದಲ್ಲೇ ಮಗು ‘ನಾನು ಓದಿದೆ’ ಎನ್ನುತ್ತದೆ.

ಹಳೇ ಲಗ್ನಪತ್ರಿಕೆಗಳ ಖಾಲಿ ಬದಿಯಲ್ಲಿ ಒಂದೊಂದು ಅಕ್ಷರ ದೊಡ್ಡದಾಗಿ ಬರೆಯಿರಿ. ಮೊದಲು ಪದವನ್ನು ಬಾಯಲ್ಲಿ ಹೇಳಿ: ‘ಸರ’. ಚಪ್ಪಾಳೆ ತಟ್ಟಿ ಒಡೆಯಿರಿ: ಸ–ರ. ಆಮೇಲೆ ಚೀಟಿ ಜೋಡಿಸಲು ಹೇಳಿ. ‘ರ’ವನ್ನು ಮುಂದಿಟ್ಟರೆ ‘ರಸ’ ಆಗುತ್ತದೆಂದು ಮಗುವೇ ಕಂಡುಕೊಳ್ಳಲಿ. ಎರಡನೇ ಗುಂಪು ಸೇರಿದರೆ ‘ನಗರದ ಜನ’, ‘ಅರಸನ ಮಗ’, ‘ಜನರ ಅವಸರ’ ಕೂಡ ಓದಬಹುದು. ಬರೆಯುವುದು ಮೊದಲು ಮರಳಿನಲ್ಲಿ, ಸ್ಲೇಟಿನಲ್ಲಿ. ಎರಡು ಗೆರೆಯ ಕಾಪಿ ಪುಸ್ತಕಕ್ಕೆ ಅವಸರವಿಲ್ಲ. ವರ್ಣಮಾಲೆಯ ಹಾಡು ಪಕ್ಕದಲ್ಲಿ ತನ್ನ ಪಾಡಿಗೆ ನಡೆಯಲಿ, ಮುಂದೆ ನಿಘಂಟು ನೋಡುವ ಕಾಲಕ್ಕೆ ಬೇಕಾಗುತ್ತದೆ.

ಕಾಗುಣಿತ: ರಾಗ ಬಿಡಿ, ಕಿವಿ ಕೊಡಿ

‘ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು’ ಎಂಬ ರಾಗ ನಮಗೆಲ್ಲ ಇಷ್ಟ. ತೊಂದರೆ ಏನೆಂದರೆ, ಹೀಗೆ ಕಲಿತ ಮಗುವಿಗೆ ‘ಕಿ’ ಏನೆಂದು ಕೇಳಿದರೆ ‘ಕ’ಯಿಂದ ಹಾಡಿಕೊಂಡು ಬಂದು ಅಲ್ಲಿ ನಿಲ್ಲಬೇಕಾಗುತ್ತದೆ. ಅದಕ್ಕೆ ಒಂದು ಚಿಹ್ನೆ ಹಿಡಿದು ಎಲ್ಲ ಅಕ್ಷರಗಳ ಮೇಲೆ ಆಡಿಸಿ. ಈ ವಾರ ಇಳಿ ಮಾತ್ರ: ಕಾ, ಗಾ, ಮಾ, ಸಾ. ಮುಂದಿನ ವಾರ ಗುಡಿಸು.

ಹ್ರಸ್ವ–ದೀರ್ಘದ ವ್ಯತ್ಯಾಸವನ್ನು ಜೋಡಿ ಪದಗಳಿಂದ ಕಲಿಸಿದಷ್ಟು ಚೆನ್ನಾಗಿ ಇನ್ನು ಯಾವುದರಿಂದಲೂ ಆಗದು. ನಡು–ನಾಡು, ಬಳೆ–ಬಾಳೆ, ಬಿಡು–ಬೀಡು, ಹುಳು–ಹೂಳು, ಕೊಡು–ಕೋಡು. ‘ಅಮ್ಮ ಕೈಗೆ ಬಾಳೆ ತೊಟ್ಟಳು’ ಎಂದು ಹೇಳಿ ನೋಡಿ, ಮಕ್ಕಳೇ ಕೂಗಿ ತಿದ್ದುತ್ತಾರೆ. ಪು ಮತ್ತು ವು ಬಂದಾಗ ಮಾತ್ರ ನಿಂತು ತೋರಿಸಿ: ಇವುಗಳಲ್ಲಿ ಕೊಂಬು ಬೇರೆಯವುಗಳ ಹಾಗೆ ಪಕ್ಕಕ್ಕೆ ಅಂಟುವುದಿಲ್ಲ, ಕೆಳಗಿನಿಂದ ಬರುತ್ತದೆ.

ನಿಜವಾದ ಕಡಿದಾದ ದಾರಿ: ಒತ್ತಕ್ಷರ

ಇಲ್ಲಿಗೆ ಬಂದಾಗ ಬಹಳ ಮಕ್ಕಳು ಓದುವುದನ್ನು ಬಿಟ್ಟು ಊಹಿಸಲು ತೊಡಗುತ್ತಾರೆ. ಪಠ್ಯ ಓಡುತ್ತಿರುತ್ತದೆ, ಇವರು ಹಿಂದೆ ಉಳಿಯುತ್ತಾರೆ. ನನ್ನನ್ನು ಕೇಳಿದರೆ, ಎರಡನೇ ತರಗತಿಯ ಕನ್ನಡದ ಅವಧಿಯಲ್ಲಿ ಅರ್ಧ ಪಾಲನ್ನು ಇದಕ್ಕೇ ಕೊಡಬೇಕು.

‘ಹಳ್ಳಿ’ ಪದವನ್ನೇ ನೋಡಿ. ಗುಡಿಸು ಕೂತಿರುವುದು ಮೇಲಿನ ಳಕಾರದ ಮೇಲೆ. ಅದರ ಸದ್ದು ಕೇಳಿಸುವುದು ಕೆಳಗಿನ ಒತ್ತು ಮುಗಿದ ಮೇಲೆ. ಕಣ್ಣಿಗೆ ಕಂಡ ಕ್ರಮದಲ್ಲೇ ಓದುವ ಮಗು ‘ಹಳಿಳ’ ಎನ್ನುತ್ತದೆ, ‘ಶಕ್ತಿ’ಯನ್ನು ‘ಶಕಿತ’ ಎನ್ನುತ್ತದೆ. ಇದು ಬೇಜವಾಬ್ದಾರಿ ಓದಲ್ಲ, ಕಂಡದ್ದನ್ನು ಕಂಡ ಹಾಗೆಯೇ ಓದಿದ್ದು. ಬೈಯದೆ ಪದವನ್ನು ಬಿಡಿಸಿ ಬರೆಯಿರಿ: ಹ, ಳ್, ಳಿ. ಬೆರಳನ್ನು ಮೇಲಿನ ಅಕ್ಷರದಿಂದ ಕೆಳಗಿನ ಒತ್ತಿಗೆ ಇಳಿಸಿ, ಮತ್ತೆ ಮೇಲಿನ ಗುಡಿಸಿಗೆ ಹತ್ತಿಸಿ. ನಾಲ್ಕಾರು ಪದಗಳಲ್ಲಿ ಹೀಗೆ ಮಾಡಿದರೆ ಕಣ್ಣಿಗೆ ಅಭ್ಯಾಸವಾಗುತ್ತದೆ.

ಕಲಿಸುವ ಕ್ರಮ ಹೀಗಿರಲಿ. ಮೊದಲು ಸಜಾತೀಯ ಒತ್ತು: ಅಕ್ಕ, ಅಜ್ಜ, ಅಣ್ಣ, ಅಪ್ಪ, ಅಮ್ಮ. ಮನೆಮಂದಿಯೆಲ್ಲ ಇಲ್ಲೇ ಸಿಗುತ್ತಾರೆ. ತ, ನ, ಮ, ಯ, ರ, ಲ ಈ ಆರರ ಒತ್ತುಗಳಿಗೆ ಮೂಲ ಅಕ್ಷರದ ಚಹರೆಯೇ ಇಲ್ಲವಾದ್ದರಿಂದ ಅವನ್ನು ಬೇರೆ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಕತೆ–ಕತ್ತೆ, ಬಲೆ–ಬಲ್ಲೆ ಜೋಡಿಗಳನ್ನು ಓದಿಸಿ. ವಿಜಾತೀಯ ಒತ್ತು (ರಸ್ತೆ, ಪುಸ್ತಕ, ಚಂದ್ರ) ಆಮೇಲೆ. ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ‘ಸೂರ್ಯ’, ‘ಪರ್ವತ’ಗಳಲ್ಲಿ ಅಕ್ಷರದ ನಂತರ ಬರೆದದ್ದನ್ನು ಅದಕ್ಕಿಂತ ಮೊದಲು ಓದಬೇಕು.

ಉಕ್ತಲೇಖನ ಪರೀಕ್ಷೆಯಾಗದಿರಲಿ

ದಿನಕ್ಕೆ ಐದು ಪದ ಸಾಕು. ಹೇಳಿ, ಬರೆಸಿ, ಆಮೇಲೆ ಸರಿಯಾದ ಪದಗಳನ್ನು ಮುಂದಿಟ್ಟು ಮಗುವೇ ಹೋಲಿಸಿ ತಿದ್ದಿಕೊಳ್ಳಲಿ. ಪುಟ ತುಂಬ ಕೆಂಪು ಶಾಯಿ ಚೆಲ್ಲುವುದರಿಂದ ಕಾಗುಣಿತ ಬಂದ ಉದಾಹರಣೆ ನಾನು ಕಂಡಿಲ್ಲ. ತಪ್ಪುಗಳನ್ನು ಎಣಿಸುವ ಬದಲು ಜಾತಿ ನೋಡಿ. ‘ಕಮ್ಬ’ ಎಂದು ಬರೆದ ಮಗುವಿನ ಕಿವಿ ಚುರುಕಾಗಿದೆ. ಸೊನ್ನೆ ‘ಕಂಬ’ದಲ್ಲಿ ಮ್ ಆಗಿ, ‘ಬಂತು’ವಿನಲ್ಲಿ ನ್ ಆಗಿ ಕೇಳುತ್ತದೆಂದು ತೋರಿಸಿದರೆ ಮುಗಿಯಿತು. ‘ಹಾಲು’ ಬದಲು ‘ಆಲು’ ಬರೆದರೆ ಮನೆಮಾತಿನ ಪ್ರಭಾವ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಹಾಗೆಯೇ ಆಡುತ್ತಾರೆ. ಆ ಮಾತನ್ನು ಹಂಗಿಸದೆ, ‘ನಾವು ಹೀಗೆ ಆಡುತ್ತೇವೆ, ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ’ ಎಂದರೆ ಸಾಕು. ಲ–ಳಕ್ಕೆ ಹುಲಿ–ಹುಳಿ, ಬೆಲೆ–ಬೆಳೆ, ನ–ಣಕ್ಕೆ ಮನೆ–ಮಣೆ. ಮಹಾಪ್ರಾಣದ ಸೂಕ್ಷ್ಮಕ್ಕೆ ಮೂರನೇ ತರಗತಿಯವರೆಗೂ ತಲೆಕೆಡಿಸಿಕೊಳ್ಳಬೇಕಿಲ್ಲ.

ವ್ಯಾಕರಣವನ್ನು ಆಡಿಸಿ

‘ನಾಮಪದ ಎಂದರೇನು?’ ಎಂದು ಬಾಯಿಪಾಠ ಮಾಡಿಸಿದರೆ ವ್ಯಾಖ್ಯೆ ಬರುತ್ತದೆ, ವ್ಯಾಕರಣ ಬರುವುದಿಲ್ಲ. ಆರೇಳು ವರ್ಷದ ಮಗುವಿಗೆ ಲಿಂಗ, ವಚನ, ವಿಭಕ್ತಿ ಎಲ್ಲವೂ ಬಾಯಲ್ಲಿ ಆಗಲೇ ಇವೆ. ಅಣ್ಣ ಬಂದನು, ಅಕ್ಕ ಬಂದಳು, ನಾಯಿ ಬಂದಿತು. ‘ಅಕ್ಕ ಬಂದನು’ ಎಂದರೆ ಮಗು ಮುಖ ಸಿಂಡರಿಸುತ್ತದೆ. ಆ ಸಿಂಡರಿಕೆಯನ್ನೇ ಹಿಡಿದು ‘ಯಾಕೆ ಸರಿಯಿಲ್ಲ?’ ಎಂದು ಕೇಳಿ.

ವಿಭಕ್ತಿಗೊಂದು ಆಟ. ಬೆಕ್ಕು, ಇಲಿಯನ್ನು, ಹಿಡಿಯಿತು ಎಂಬ ಮೂರು ಚೀಟಿ ಮಾಡಿ. ‘ಬೆಕ್ಕು ಇಲಿಯನ್ನು ಹಿಡಿಯಿತು’, ‘ಇಲಿಯನ್ನು ಬೆಕ್ಕು ಹಿಡಿಯಿತು’ — ಜಾಗ ಬದಲಿಸಿದರೂ ಹಿಡಿದದ್ದು ಬೆಕ್ಕೇ. ಈಗ ಬಾಲವನ್ನು ಬದಲಿಸಿ: ‘ಬೆಕ್ಕನ್ನು ಇಲಿ ಹಿಡಿಯಿತು’. ನಗು ಬಂತೆಂದರೆ ‘ಅನ್ನು’ವಿನ ಕೆಲಸ ತಿಳಿಯಿತೆಂದೇ ಅರ್ಥ. ಮಾತಿನಲ್ಲಿ ‘ಇಲೀನ ಹಿಡೀತು’ ಎನ್ನುವ ಮಕ್ಕಳಿಗೆ ಬರಹದ ರೂಪವೂ ಇಲ್ಲೇ ಪರಿಚಯವಾಗುತ್ತದೆ. ಸಂಧಿ, ಸಮಾಸ ಮೇಲಿನ ತರಗತಿಗಳ ಪಾಲಿಗಿರಲಿ.

ಮಲಗುವ ಮುಂಚೆ ಒಂದು ಕತೆ

ಇದೆಲ್ಲದರ ಜೊತೆಗೆ ದಿನಾ ನೀವೇ ಒಂದು ಪುಸ್ತಕವನ್ನು ಗಟ್ಟಿಯಾಗಿ ಓದಿ, ಸಾಲಿನ ಕೆಳಗೆ ಬೆರಳು ಸರಿಸುತ್ತ. ಪುಸ್ತಕ ಕೊಳ್ಳಲಾಗದಿದ್ದರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕತೆಗಳು ಹಂತಹಂತವಾಗಿ ವಿಂಗಡಿಸಿದಂತೆ ಉಚಿತವಾಗಿ ಸಿಗುತ್ತವೆ. ಒಂದನೇ ಹಂತದಿಂದ ಶುರು ಮಾಡಿ. ಮಗು ಓದುವ ಸರದಿ ಬಂದಾಗ ಪದವೊಂದರಲ್ಲಿ ಸಿಕ್ಕಿಬಿದ್ದರೆ ಮೂರು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಬರಲಿಲ್ಲವೇ, ಪದವನ್ನು ಹೇಳಿಬಿಟ್ಟು ಮುಂದಕ್ಕೆ ಹೋಗಿ. ಕತೆ ನಿಲ್ಲಬಾರದು. ಆ ಪದವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ನಾಳೆಯ ಉಕ್ತಲೇಖನದ ಐದರಲ್ಲಿ ಒಂದಾಗಲಿ.